ಆಫೀಸಿನ ಹಳೇ ಡೆಸ್ಕ್ ಫೋನ್ ಮಾರುವ ಮುನ್ನ

ಪ್ರಶ್ನೆ: ನಮ್ಮ ಹುಬ್ಬಳ್ಳಿ ಕಚೇರಿಯಲ್ಲಿ ಈಗ ಎಲ್ಲರೂ ಲ್ಯಾಪ್‌ಟಾಪ್‌ನಲ್ಲೇ ಕರೆ ಮಾಡುತ್ತಾರೆ. 3 ವರ್ಷದ ಹಿಂದೆ ಕೊಂಡ 18 ಯೀಲಿಂಕ್ ಟಿ31ಪಿ, ಅದಕ್ಕೂ ಬಹಳ ಹಳೆಯ 24 ಸಿಸ್ಕೊ 7942 ಫೋನುಗಳು ಉಳಿದಿವೆ. ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ. ಏನು ಮಾಡೋಣ?

ಉತ್ತರ: ತೂಕಕ್ಕೆ ಕೊಡಬೇಡಿ, ಯೀಲಿಂಕ್‌ಗಳನ್ನಂತೂ ಬೇಡವೇ ಬೇಡ. ಮೊದಲು ಖರೀದಿ ಬಿಲ್ ತೆಗೆದು ನೋಡಿ. ಕನೆಕ್ಷನ್ ಕೊಟ್ಟ ಕಂಪನಿಯೇ ಬಾಡಿಗೆಗೆ ಇಟ್ಟುಹೋದ ಫೋನುಗಳನ್ನು ಎಷ್ಟೋ ಕಚೇರಿಗಳು ತಮ್ಮದೇ ಅಂದುಕೊಂಡಿರುತ್ತವೆ. ಅವು ವಾಪಸ್ ಹೋಗಬೇಕು.

ಇವು ಐಪಿ ಫೋನುಗಳು, ಅಂದರೆ ನೆಟ್‌ವರ್ಕ್ ಕೇಬಲಿನಲ್ಲಿ ಕರೆ ಸಾಗಿಸುವ ಫೋನುಗಳು. ಇವುಗಳ ಬೆಲೆ ನಿಂತಿರುವುದು ಒಂದೇ ವಿಷಯದ ಮೇಲೆ: ಫೋನು ಕೊಂಡವರ ಕರೆ ಸರ್ವರ್‌ಗೆ ನೋಂದಣಿ ಆಗುತ್ತದೋ ಇಲ್ಲವೋ. ಯೀಲಿಂಕ್‌ನಲ್ಲಿ ಓಕೆ ಬಟನ್ ಸುಮಾರು 10 ಸೆಕೆಂಡ್ ಒತ್ತಿ ಹಿಡಿದರೆ ಫ್ಯಾಕ್ಟರಿ ರಿಸೆಟ್ ಕೇಳುತ್ತದೆ. ಎಕ್ಸ್‌ಟೆನ್ಷನ್, ಪಾಸ್‌ವರ್ಡ್, ಫೋನ್‌ಬುಕ್, ಕರೆಗಳ ಪಟ್ಟಿ ಎಲ್ಲ ಅಳಿಯುತ್ತವೆ. ಕೆಲಸ ಇಲ್ಲಿಗೇ ಮುಗಿಯಿತು ಅಂದುಕೊಂಡರೆ ಕೆಟ್ಟಿರಿ. ನಿಮ್ಮ ಸೇವಾ ಕಂಪನಿ ಆ ಫೋನಿನ ಮ್ಯಾಕ್ ವಿಳಾಸವನ್ನು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಯೀಲಿಂಕ್‌ನ ಆರ್‌ಪಿಎಸ್ ಸರ್ವರ್‌ನಲ್ಲಿ, ಅಂದರೆ ಫೋನು ಸೆಟ್ಟಿಂಗನ್ನು ಎಲ್ಲಿಂದ ಪಡೆಯಬೇಕೆಂದು ಹೇಳುವ ಸರ್ವರ್‌ನಲ್ಲಿ, ಸೇರಿಸಿದ್ದರೆ, ರಿಸೆಟ್ ಆದ ಫೋನು ಇಂಟರ್ನೆಟ್ ಸಿಕ್ಕ ಕೂಡಲೇ ಅಲ್ಲಿ ವಿಚಾರಿಸಿ, ಹಳೇ ಕಂಪನಿಯ ಸೆಟ್ಟಿಂಗನ್ನೇ ಮತ್ತೆ ಇಳಿಸಿಕೊಳ್ಳುತ್ತದೆ. ಕೊಂಡವರು ಎಷ್ಟು ಸಲ ರಿಸೆಟ್ ಮಾಡಿದರೂ ಅದೇ ಕಥೆ. ಆದ್ದರಿಂದ ಸೇವೆ ನಿಲ್ಲಿಸುವ ಮೊದಲೇ 18 ಮ್ಯಾಕ್ ವಿಳಾಸಗಳ ಪಟ್ಟಿಯನ್ನು ಆ ಕಂಪನಿಗೆ ಮೇಲ್ ಮಾಡಿ, ಆರ್‌ಪಿಎಸ್‌ನಿಂದ ತೆಗೆಸಿ, ತೆಗೆದಿದ್ದೇವೆ ಎಂಬ ಉತ್ತರ ಪಡೆದುಕೊಳ್ಳಿ. ಒಪ್ಪಂದ ಮುಗಿದ ಮೇಲೆ ನಿಮ್ಮ ಮೇಲ್ ಓದುವವರೂ ಸಿಗಲಿಕ್ಕಿಲ್ಲ. ಆಮೇಲೆ ಒಂದೆರಡು ಫೋನನ್ನು ಕಚೇರಿಯ ನೆಟ್‌ವರ್ಕ್ ಬಿಟ್ಟು ಬೇರೆ ಇಂಟರ್ನೆಟ್‌ಗೆ ಹಾಕಿ, ಖಾಲಿಯಾಗಿಯೇ ಏಳುತ್ತವೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಸಿಸ್ಕೊ 7942 ಬೇರೆ ಜಾತಿ. ಹ್ಯಾಶ್ (#) ಒತ್ತಿಕೊಂಡೇ ಕರೆಂಟ್ ಕೊಟ್ಟು, ಲೈನ್ ಬಟನ್‌ಗಳು ಮಿನುಗಿದಾಗ 123456789*0# ಒತ್ತಿದರೆ ರಿಸೆಟ್ ಆಗುತ್ತದೆ ಎಂದು ಯಾರಾದರೂ ಹೇಳಿಯಾರು. ಮಾತು ನಿಜ. ಆದರೆ ಆ ರಿಸೆಟ್ ಫರ್ಮ್‌ವೇರನ್ನೂ (ಫೋನನ್ನು ನಡೆಸುವ ಒಳಗಿನ ತಂತ್ರಾಂಶ) ಅಳಿಸುತ್ತದೆ. ಫೋನು ಹೊಸ ಫರ್ಮ್‌ವೇರ್‌ಗಾಗಿ ಅದನ್ನು ಕಳಿಸುವ ಟಿಎಫ್‌ಟಿಪಿ ಸರ್ವರ್ ಹುಡುಕುತ್ತದೆ, ನೀವು ಕಾಲ್ ಮ್ಯಾನೇಜರ್ (ಸಿಸ್ಕೊ ಫೋನುಗಳನ್ನು ನಿರ್ವಹಿಸುವ ಸರ್ವರ್) ಆಫ್ ಮಾಡಿಯಾಗಿದ್ದರೆ ‘ಅಪ್‌ಗ್ರೇಡಿಂಗ್’ ಎಂದು ತೋರಿಸುತ್ತ ಅಲ್ಲೇ ಕೂರುತ್ತದೆ. ನೋಡಿದವರು ಕೆಟ್ಟುಹೋಗಿದೆ ಅನ್ನುತ್ತಾರೆ. ಅದರ ಬದಲು ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಮೆನುವಿನಲ್ಲಿ ಟ್ರಸ್ಟ್ ಲಿಸ್ಟ್‌ಗೆ ಹೋಗಿ, **# ಒತ್ತಿ ಬೀಗ ತೆಗೆದು, ಐಟಿಎಲ್ ಫೈಲನ್ನು (ಫೋನು ನಂಬುವ ಸರ್ವರ್‌ಗಳ ಪಟ್ಟಿ) ಅಳಿಸಿ. ಈ ಫೈಲ್ ಉಳಿದರೆ ಫೋನು ಬೇರೆ ಕಾಲ್ ಮ್ಯಾನೇಜರಿನ ಸೆಟ್ಟಿಂಗನ್ನು ನಂಬುವುದಿಲ್ಲ. ಡೈರೆಕ್ಟರೀಸ್‌ನಲ್ಲಿರುವ ಕರೆಗಳ ಪಟ್ಟಿಯನ್ನೂ ಖಾಲಿ ಮಾಡಿ. ಈ ಮಾದರಿಯನ್ನು ಕೇಳುವವರು ಸಿಸ್ಕೊ ವ್ಯವಸ್ಥೆ ಇನ್ನೂ ನಡೆಸುತ್ತಿರುವ ಕಚೇರಿಗಳು, ಅವರ ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಹಿಡಿದವರು, ಅಷ್ಟೇ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಬಿಡಿಭಾಗ. ಪ್ರತಿ ಸೆಟ್‌ಗೂ ರಿಸೀವರ್, ಸುರುಳಿ ವೈರ್, ಹಿಂದಿನ ಸ್ಟ್ಯಾಂಡ್ ಹೊಂದಿಸಿ. ಸ್ಟ್ಯಾಂಡ್ ಇಲ್ಲದ ಫೋನಿಗೆ ವ್ಯಾಪಾರಿಗಳು ಮೊದಲು ಬೆಲೆ ಮುರಿಯುತ್ತಾರೆ. ಟಿ31ಪಿ ಅಡಾಪ್ಟರ್ 5 ವೋಲ್ಟಿನದು. ಸಿಸ್ಕೊದ್ದು 48 ವೋಲ್ಟ್. ಇವು ಒಂದೇ ಚೀಲದಲ್ಲಿ ಬೆರೆತರೆ ಯಾರೋ ತಪ್ಪು ಅಡಾಪ್ಟರ್ ಚುಚ್ಚಿ ಫೋನು ಸುಡುತ್ತಾರೆ, ಬೈಗುಳ ನಿಮಗೆ. ನೆಟ್‌ವರ್ಕ್ ಸ್ವಿಚ್‌ನ ಕೇಬಲಿನಿಂದಲೇ ಕರೆಂಟ್ ಪಡೆಯುತ್ತಿದ್ದ (ಇದಕ್ಕೆ ಪಿಒಇ ಎನ್ನುತ್ತಾರೆ) ಫೋನುಗಳಾದರೆ ‘ಅಡಾಪ್ಟರ್ ಇಲ್ಲ, ಪಿಒಇ ಬೇಕು’ ಎಂದು ಬರೆದೇ ಮಾರಿ. ಸ್ಕ್ರೀನಿನಲ್ಲಿ ಗೆರೆ ಬಿಟ್ಟಿದೆಯೇ, ಎಲ್ಲ ಬಟನ್ ಒತ್ತುತ್ತವೆಯೇ, ರಿಸೀವರ್ ಇಟ್ಟಾಗ ಕರೆ ಕಡಿಯುತ್ತದೆಯೇ, ಸ್ಪೀಕರ್ ಕೇಳಿಸುತ್ತದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿದ ಬಟ್ಟೆಯಿಂದ ಒರೆಸಿದರೆ ಸಾಕು, ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ. ಸಿಬ್ಬಂದಿಯ ಹೆಸರು, ಎಕ್ಸ್‌ಟೆನ್ಷನ್ ಚೀಟಿ ಕಿತ್ತುಹಾಕಿ, ಆದರೆ ತಳದ ಮ್ಯಾಕ್ ಸ್ಟಿಕ್ಕರ್ ಮುಟ್ಟಬೇಡಿ. ಪ್ಯಾಕ್ ಮಾಡುವಾಗ ರಿಸೀವರನ್ನು ಬಿಚ್ಚಿ ಬೇರೆ ಸುತ್ತಿ, ಇಲ್ಲದಿದ್ದರೆ ಅದೇ ಪಕ್ಕದ ಸ್ಕ್ರೀನ್ ಒಡೆಯುತ್ತದೆ.

ಬಿಡಿಬಿಡಿಯಾಗಿ ಆನ್‌ಲೈನ್‌ನಲ್ಲಿ ಮಾರಿದರೆ ಬೆಲೆ ಹೆಚ್ಚು, ತಲೆನೋವೂ ಹೆಚ್ಚು. 18 ಫೋನಿಗೆ ಅದು ಬೇಡ. ಮಾದರಿ, ಸಂಖ್ಯೆ, ಸ್ಥಿತಿ, ಅಡಾಪ್ಟರ್ ಲೆಕ್ಕ, ಆರ್‌ಪಿಎಸ್ ಬಿಡುಗಡೆಯಾದ ವಿಚಾರ ಬರೆದ ಒಂದೇ ಪಟ್ಟಿ ಮಾಡಿ, ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದಿಬ್ಬರು ವ್ಯಾಪಾರಿಗಳಿಗೂ ನಿಮ್ಮೂರಿನ ಇಪಿಎಬಿಎಕ್ಸ್ (ಕಚೇರಿಯ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಕೆಲಸದವರಿಗೂ ಕಳಿಸಿ. ಯೀಲಿಂಕ್, ಸಿಸ್ಕೊ ಎರಡನ್ನೂ ಒಟ್ಟುಗೂಡಿಸಿ ಒಂದೇ ಬೆಲೆಗೆ ಕೊಡಬೇಡಿ. ಒಳ್ಳೆಯದರ ಬೆಲೆಯನ್ನು ಹಳೆಯದು ತಿಂದುಹಾಕುತ್ತದೆ.

ಪ್ರಶ್ನೆ: ಹಳೇ ಫೋನ್ ಮಾರಿದ್ದಕ್ಕೂ ಜಿಎಸ್‌ಟಿ ಕಟ್ಟಬೇಕೇ?

ಉತ್ತರ: ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆದಿದ್ದರೆ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 18(6)ರಂತೆ ಎರಡು ಲೆಕ್ಕ ಹಾಕಿ, ಹೆಚ್ಚು ಬಂದದ್ದನ್ನು ಕಟ್ಟಬೇಕು: ಒಂದು, ಬಳಸಿದ ಅವಧಿಯ ಪಾಲು ಕಳೆದು ಉಳಿದ ಕ್ರೆಡಿಟ್; ಎರಡು, ಮಾರಿದ ಬೆಲೆಯ ಮೇಲಿನ ತೆರಿಗೆ. ಉದಾಹರಣೆಗೆ ತಲಾ 4,500 ರೂಪಾಯಿಯ 18 ಫೋನು ಅಂದರೆ 81,000, ಅದರ ಮೇಲೆ ಶೇ 18ರಂತೆ ಪಡೆದ ಕ್ರೆಡಿಟ್ 14,580. ತ್ರೈಮಾಸಿಕಕ್ಕೆ ಶೇ 5ರಂತೆ 3 ವರ್ಷಕ್ಕೆ ಶೇ 60 ಕಳೆದರೆ ಉಳಿಯುವುದು 5,832. ಈಗ ತಲಾ 1,200ಕ್ಕೆ ಮಾರಿದರೆ 21,600ರ ಮೇಲಿನ ತೆರಿಗೆ 3,888. ಕಟ್ಟಬೇಕಾದದ್ದು 5,832. 5 ವರ್ಷ ದಾಟಿದ ಫೋನಿಗೆ ಮೊದಲ ಲೆಕ್ಕ ಸೊನ್ನೆಯಾಗುವುದರಿಂದ ಮಾರಿದ ಬೆಲೆಯ ಮೇಲಿನ ತೆರಿಗೆ ಮಾತ್ರ. ಬಿಲ್ ಮಾಡುವ ಮುನ್ನ ನಿಮ್ಮ ಲೆಕ್ಕಪರಿಶೋಧಕರಿಗೆ ಮೂಲ ಬಿಲ್ ತೋರಿಸಿ.

ಪ್ರಶ್ನೆ: ಪ್ಯಾನಸಾನಿಕ್ ಕೆಎಕ್ಸ್-ಟಿ7730 ಫೋನನ್ನು ಮನೆಯ ಲ್ಯಾಂಡ್‌ಲೈನ್‌ಗೆ ಬೇಕೆಂದು ಕೇಳುತ್ತಿದ್ದಾರೆ. ಕೊಡಬಹುದೇ? ಕೆಟ್ಟ ಸೆಟ್‌ಗಳನ್ನು ಏನು ಮಾಡುವುದು?

ಉತ್ತರ: ಕೊಡಬೇಡಿ, ಮರುದಿನವೇ ವಾಪಸ್ ಬರುತ್ತದೆ. ಪ್ಲಗ್ ಸರಿಯಾಗಿ ಕೂತರೂ ಆ ಫೋನು ಕೆಲಸ ಮಾಡುವುದು ಕೆಎಕ್ಸ್-ಟಿಇಎಸ್824ನಂಥ ಪ್ಯಾನಸಾನಿಕ್ ಇಪಿಎಬಿಎಕ್ಸ್ ಜೊತೆಗೆ ಮಾತ್ರ. ಆ ಇಪಿಎಬಿಎಕ್ಸ್ ಪೆಟ್ಟಿಗೆ ಇನ್ನೂ ನಿಮ್ಮಲ್ಲಿದ್ದರೆ ಫೋನುಗಳ ಜೊತೆ ಒಂದೇ ಸೆಟ್ ಮಾಡಿ ಮಾರಿ, ಸಣ್ಣ ಲಾಡ್ಜ್, ನರ್ಸಿಂಗ್ ಹೋಮ್‌ಗಳು ಕೊಳ್ಳುತ್ತವೆ. ಬೀಟೆಲ್ ಕಂಪನಿಯ ಸಾದಾ ಲ್ಯಾಂಡ್‌ಲೈನ್ ಸೆಟ್‌ಗಳಿದ್ದರೆ ಮನೆಯವರಿಗೆ ಅವನ್ನು ಕೊಡಿ.

ಕೆಟ್ಟವು ಇ-ತ್ಯಾಜ್ಯ. ಕೆಲಸ ಮಾಡುವ ಫೋನುಗಳ ಜೊತೆ ಅವನ್ನು ತುರುಕದೆ, ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಹಣಕಾಸು ವರ್ಷದಲ್ಲಿ ಯಾವಾಗಲಾದರೂ ಅದರ ಪಟ್ಟಿಯಲ್ಲಿರುವ ಕನಿಷ್ಠ 1,000 ಉಪಕರಣ ಬಳಸಿದ ಸಂಸ್ಥೆ ಸಗಟು ಬಳಕೆದಾರ ಎನಿಸುತ್ತದೆ. ಕಂಪ್ಯೂಟರ್, ಪ್ರಿಂಟರ್, ಫೋನ್ ಎಲ್ಲ ಸೇರಿಸಿ ಎಣಿಸಿದರೆ ಮಧ್ಯಮ ಗಾತ್ರದ ಕಾಲೇಜು ಕೂಡ ಆ ಲೆಕ್ಕಕ್ಕೆ ಬರಬಹುದು.