ಅದು ಗಂಡಸ್ರ ವಾಚಲ್ವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಐದಾರು ವರ್ಷದಿಂದ ವಾಚ್ ಕಲೆಕ್ಟ್ ಮಾಡ್ತಿದೀನಿ, ಈಗ ಏಳಿವೆ, ಎಲ್ಲಾ ಕೀ ಕೊಡೋವು ಇಲ್ಲಾ ಕೈ ಆಡಿದ್ರೆ ತಾನೇ ಕೀ ಆಗೋ ಆಟೊಮ್ಯಾಟಿಕ್. ಹೋದ ತಿಂಗಳು ಒಂದು 40 ಮಿ.ಮೀ. ಡೈವರ್ ವಾಚ್ ತಗೊಂಡೆ, ಸಮುದ್ರದಲ್ಲಿ ಮುಳುಗೋರಿಗೆ ಅಂತ ಮಾಡೋ ಥರದ್ದು. ನೋಡಿದೋರೆಲ್ಲಾ ಕೇಳೋದು ಒಂದೇ, ನಿಮ್ಮೆಜಮಾನ್ರದ್ದಾ ಅಂತ. ನಮ್ಮತ್ತೆ, ನಿನ್ನ ಕೈಗೆ ಸಣ್ಣದೇ ಲಕ್ಷಣ ಕಣೇ ಅಂತಾರೆ. ಈಗ ನಂಗೇ ಡೌಟು. ಈ ವಾಚು ನಿಜಕ್ಕೂ ಇಷ್ಟಾನಾ, ಇಲ್ಲಾ ಸೀರಿಯಸ್ ಕಲೆಕ್ಟರ್ ಅನ್ನಿಸ್ಕೊಳ್ಳೋ ಆಸೆನಾ?

ಉತ್ತರ: ಏಳಕ್ಕೆ ಏಳೂ ಮೆಕ್ಯಾನಿಕಲ್, ಸೆಲ್ ಇಲ್ದೆ ಸ್ಪ್ರಿಂಗಲ್ಲಿ ಓಡೋವು ಅಂದ್ರಲ್ಲ ಮೇಡಂ, ಉತ್ತರ ಅಲ್ಲೇ ಇದೆ. ನಿಮಗೆ ಬೇಕಾಗಿರೋದು ಒಳಗಿನ ಮಶೀನು, ಅದೆಲ್ಲಿ ಸಿಗುತ್ತೋ ಅಲ್ಲಿಗೆ ಹೋಗಿದೀರ. ಲೇಡೀಸ್ ಅಂತ ಬರೆದಿರೋ ಕಡೆ ಬಹಳಷ್ಟು ಸೆಲ್ ವಾಚುಗಳೇ, ಡಯಲ್ ಸುತ್ತ ಹರಳು ಬೇರೆ. ಇದಕ್ಕೆ ಟೆಕ್ನಿಕಲ್ ಕಾರಣಾನೂ ಇದೆ, ಕೇಸ್ ಚಿಕ್ಕದಾದಷ್ಟೂ ಸ್ಪ್ರಿಂಗೂ ಚಿಕ್ಕದು, ಹಿಂದಕ್ಕೂ ಮುಂದಕ್ಕೂ ಆಡ್ತಾ ಟೈಮ್ ಹಿಡಿಯೋ ಬ್ಯಾಲೆನ್ಸ್ ವೀಲೂ ಚಿಕ್ಕದು, ಟೈಮ್ ಕರೆಕ್ಟಾಗಿ ಹಿಡಿಯೋದು ಕಷ್ಟ, ಹಾಗಾಗಿ 1969ರಲ್ಲಿ ಸೀಕೋದ ಆಸ್ಟ್ರಾನ್ ಅನ್ನೋ ಕ್ವಾರ್ಟ್ಜ್, ಅಂದ್ರೆ ಸೆಲ್ಲಲ್ಲಿ ಓಡೋ ವಾಚ್ ಬಂದು ಆಮೇಲೆ ಕ್ವಾರ್ಟ್ಜ್ ಅಗ್ಗ ಆದಾಗ ಸಣ್ಣ ವಾಚಿಗೆ ಅದೇ ಸುಲಭದ ದಾರಿ ಆಯ್ತು. ಕಷ್ಟ ಅಂದ್ರೆ ಆಗಲ್ಲ ಅಂತಲ್ಲ. ಜೇಗರ್ ಲೆಕೂಲ್ಟ್ರ್‌ನೋರು 1929ರಲ್ಲೇ ಸುಮಾರು ಒಂದು ಗ್ರಾಂ ತೂಕದ ಮೂವ್‌ಮೆಂಟ್, ಅಂದ್ರೆ ಒಳಗಿನ ಮಶೀನು, ಮಾಡಿದ್ರು, ಕ್ಯಾಲಿಬರ್ 101 ಅಂತ, ಕೀ ಕೊಟ್ಟೇ ಓಡೋದು. ಹೆಂಗಸ್ರಿಗೆ ಮಶೀನ್ ಯಾಕೆ ಅಂತ ಎಷ್ಟೋ ಕಂಪನಿಗಳು ತಾವೇ ತೀರ್ಮಾನ ಮಾಡ್ಕೊಂಡಿದ್ದು ನಂಗೆ ಇವತ್ತಿಗೂ ಬೇಜಾರು.

ಇನ್ನು ಗಂಡಸ್ರ ವಾಚು ಅನ್ನೋ ಮಾತು. ಪ್ಯಾರಿಸ್ಸಿನ ವಾಚ್ ಮೇಕರ್ ಬ್ರೆಗೆ 1812ರಲ್ಲಿ ಕೈಗೆ ಕಟ್ಟೋ ವಾಚ್ ಮಾಡಿ ಮುಗಿಸಿದ್ದು ನೇಪಲ್ಸ್ ರಾಣಿ ಕ್ಯಾರೊಲಿನ್ ಮ್ಯೂರಾಗೆ. ಆಮೇಲೂ ಎಷ್ಟೋ ದಶಕ ಯೂರೋಪಲ್ಲಿ ಅದು ಹೆಂಗಸ್ರ ಒಡವೆನೇ, ಗಂಡಸ್ರದ್ದು ಜೇಬಿನ ಗಡಿಯಾರ. ಮೊದಲನೇ ಮಹಾಯುದ್ಧದಲ್ಲಿ ಕೈಯಲ್ಲಿ ಬಂದೂಕು ಹಿಡ್ಕೊಂಡು ಜೇಬು ತಡಕೋಕಾಗಲ್ಲ ಅಂತ ಗೊತ್ತಾದ್ಮೇಲೆನೇ ಗಂಡಸ್ರು ಸಾರಾಸಗಟಾಗಿ ಕೈಗೆ ಕಟ್ಟೋಕೆ ಶುರು ಮಾಡಿದ್ದು. ಸೈಜೂ ಅಷ್ಟೇ, 1953ರ ರೋಲೆಕ್ಸ್ ಎಕ್ಸ್‌ಪ್ಲೋರರ್ 36 ಮಿ.ಮೀ., ಆಗ ಅದನ್ನ ಯಾರೂ ಚಿಕ್ಕದು ಅಂತಿರ್ಲಿಲ್ಲ.

40 ಅನ್ನೋ ನಂಬರ್ ಬಿಡಿ, ಅದು ಬರೀ ಕೇಸಿನ ಅಗಲ. ಬೆಲ್ಟ್ ಸಿಕ್ಕಿಸೋ ಕೊಂಬುಗಳಿಗೆ ಲಗ್ ಅಂತಾರೆ, ಮೇಲಿನ ಲಗ್ ತುದಿಯಿಂದ ಕೆಳಗಿನ ಲಗ್ ತುದಿಗೆ ಎಷ್ಟಿದೆ ಅಳೀರಿ, ಅದು ನಿಮ್ಮ ಮಣಿಕಟ್ಟಿನ ಅಗಲದೊಳಗೆ ಕೂತ್ರೆ ವಾಚು ನಿಮ್ಮದೇ, ಆಚೆ ಚಾಚಿದ್ರೆ ಮಾತ್ರ ದೊಡ್ಡದಾಯ್ತು. ಮೊಬೈಲಲ್ಲಿ ಹತ್ತಿರದಿಂದ ಫೋಟೊ ತೆಗೆದು ನೋಡ್ಬೇಡಿ, ಇರೋದಕ್ಕಿಂತ ದಪ್ಪ ಕಾಣುತ್ತೆ, ನಿಲುವುಗನ್ನಡಿ ಮುಂದೆ ನಿಂತ್ಕೊಳ್ಳಿ.

ಡೈವರ್ ವಾಚ್ ಕಟ್ಟೋ ಎಷ್ಟೋ ಗಂಡಸ್ರು ಸಮುದ್ರಕ್ಕೆ ಇಳಿಯೋದೇ ಇಲ್ಲ, ಅವ್ರನ್ನ ಯಾರೂ ಇದು ನಿಜವಾದ ಇಷ್ಟಾನಾ ಅಂತ ಕೇಳಲ್ಲ, ನೀವ್ಯಾಕೆ ನಿಮ್ಮನ್ನೇ ಕೇಳ್ಕೊತೀರ? ಒಂದೇ ವಿನಂತಿ, ಸಣ್ಣ ವಾಚ್ ಕಟ್ಟೋರನ್ನ ಕಮ್ಮಿ ಅಂತ ನೋಡ್ಬೇಡಿ, ನಮ್ಮ ಕಲೆಕ್ಟರ್‌ಗಳಲ್ಲಿ ಆ ಚಾಳಿ ಜಾಸ್ತಿ. ನಿಮ್ಮತ್ತೆ ಹೇಳಿದ್ದು ಅವ್ರ ಟೇಸ್ಟು. ಹಿಂದೆ ಗ್ಲಾಸ್ ಇರೋ ವಾಚು ಒಂದಿದ್ರೆ ಅವ್ರ ಕೈಗೇ ಕೊಟ್ಟು ಬ್ಯಾಲೆನ್ಸ್ ವೀಲ್ ಆಡೋದು ತೋರ್ಸಿ.

ಪ್ರಶ್ನೆ: ಅಜ್ಜಿ ಕಟ್ತಿದ್ದ ಪುಟ್ಟ ಕೀ ವಾಚ್ ನಂಗೆ ಬಂದಿದೆ. ಗಂಡಸಾದ ನಾನು ಕಟ್ಬಹುದಾ?

ಉತ್ತರ: ಧಾರಾಳವಾಗಿ ಕಟ್ಟಿ. ಬೆಲ್ಟ್ ಮಾತ್ರ ಗಿಡ್ಡ ಆಗುತ್ತೆ, ಅದೇ ಅಗಲದಲ್ಲಿ ಉದ್ದದ್ದು ಹುಡುಕಿ. ಆದ್ರೆ ವರ್ಷಗಟ್ಲೆ ಸುಮ್ನೆ ಬಿದ್ದಿದ್ರೆ ಈಗ್ಲೇ ಕೀ ಕೊಟ್ಟು ಓಡಿಸ್ಬೇಡಿ, ಒಳಗೆ ಆಯಿಲ್ ಒಣಗಿರುತ್ತೆ, ಹಾಗೇ ಓಡಿದ್ರೆ ಪಾರ್ಟ್ಸ್ ಸವೆಯುತ್ತೆ, ಮೊದ್ಲು ಕ್ಲೀನ್ ಮಾಡ್ಸಿ.