ಚೈನ್ ಕಟಕಟ: ಹೊಸ ಕ್ಯಾಮ್ ತರುವ ಮುಂಚೆ ಚೇಂಬರ್ ಇಳಿಸಿ ನೋಡಿ

ಪ್ರಶ್ನೆ: ಗಾಳಿಯಂತ್ರಗಳ ಕೆಲಸಕ್ಕೆ ಗುಡ್ಡದ ಕಚ್ಚಾ ದಾರಿಯಲ್ಲಿ ಓಡುವ ಪೆಟ್ರೋಲ್ ಫೋರ್‌ವೀಲ್ ಗಾಡಿ ನಮ್ಮದು. ನಾಲ್ಕು ಸಿಲಿಂಡರ್, ಹೆಡ್‌ನಲ್ಲಿ ಎರಡು ಕ್ಯಾಮ್ (ವಾಲ್ವ್ ತೆರೆಯುವ ಉಬ್ಬುಗಳಿರುವ ದಂಡ). ಮುಂಜಾನೆ ಚಾಲೂ ಮಾಡಿದ ಕೂಡಲೇ ಇಂಜಿನ್ ಮುಂಭಾಗದಲ್ಲಿ ಕಟಕಟ ಸದ್ದು. ಮೊದಲು ಎರಡು ಸೆಕೆಂಡಿಗೆ ನಿಲ್ಲುತ್ತಿತ್ತು, ಈಗ ಬಿಸಿಯಾದ ಮೇಲೂ ನಿಲ್ಲುವುದಿಲ್ಲ. ಹೆಡ್ ಕವರ್ ತೆಗೆದರೆ ಒಂದು ಕ್ಯಾಮ್‌ನ ಉಬ್ಬು ಸವೆದಿದೆ. ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಒಂದೇ ಹಾಕಿದರೆ ಸಾಕು ಅಂತಾರೆ ಮೇಸ್ತ್ರಿ. ಸಾಕೇ? – ಓದುಗರು, ಗದಗ

ಉತ್ತರ: ಸಾಲದು. ತಣ್ಣಗಿದ್ದಾಗ ಒಂದೆರಡು ಸೆಕೆಂಡು ಬರುವ ಸದ್ದು ಚೈನ್ ಬಿಗಿ ಹಿಡಿಯುವ ಟೆನ್ಶನರ್‌ನಿಂದ ಆಯಿಲ್ ಇಳಿದುಹೋಗಿರುವುದರ ಗುರುತು. ಬಿಸಿಯಾದರೂ ನಿಲ್ಲದಿದ್ದರೆ ಚೈನ್‌ನ ಪಿನ್ನುಗಳು ಸವೆದು ಚೈನ್ ಉದ್ದವಾಗಿರುವ ಸಂಭವವೇ ಹೆಚ್ಚು. ಟೆನ್ಶನರ್ ಪೂರ್ತಿ ಹೊರಚಾಚಿದರೂ ಅದು ಬಿಗಿಯಾಗದು. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಹೊರಗಿನ ಬೆಲ್ಟ್ ತೆಗೆದು ಅರ್ಧ ನಿಮಿಷ ಮಾತ್ರ ಓಡಿಸಿ. ಸದ್ದು ಹೋದರೆ ತಪ್ಪು ಆಲ್ಟರ್ನೇಟರ್, ವಾಟರ್ ಪಂಪ್ ಕಡೆಯದು. ಸ್ಕ್ಯಾನರ್ ಪಿ0016 ಎಂಬ ದೋಷದ ಕೋಡ್ ತೋರಿಸಿದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆ ತಪ್ಪಿದೆ.

ಕ್ಯಾಮ್‌ನ ಉಬ್ಬು ಸವೆಯಲು ಹೆಚ್ಚಿನ ಸಲ ಆಯಿಲ್ಲೇ ಕಾರಣ. ಎರಿ ಹೊಲಗಳ ದೂಳು ಹರಿದ ಏರ್ ಫಿಲ್ಟರ್ ದಾಟಿದರೆ ರಿಂಗುಗಳ ಸಂದಿನಿಂದ ಆಯಿಲ್‌ಗೆ ಇಳಿಯುತ್ತದೆ. ಬೆಣ್ಣಿಹಳ್ಳದಂಥ ಕಡೆ ನೀರಿಗಿಳಿದು ಬಂದ ಮೇಲೆ ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ಗಾಡಿ ಓಡಿಸದೆ ಆಯಿಲ್ ಬದಲಿಸಬೇಕು. ಆದ್ದರಿಂದ ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ, ಆಯಿಲ್ ಪಂಪಿನ ಜಾಳಿಗೆ ನೋಡಿ. ಒಡೆದ ಚೈನ್ ಗೈಡಿನ ಪ್ಲಾಸ್ಟಿಕ್ ಚೂರು, ಹಿಂದೆ ಯಾರೋ ಧಾರಾಳವಾಗಿ ಬಳಿದ ಸಿಲಿಕೋನ್ ಗ್ಯಾಸ್ಕೆಟ್‌ನ ಎಳೆಗಳು ಅಲ್ಲಿ ಸಿಕ್ಕಿಕೊಂಡಿರುತ್ತವೆ. ಅದನ್ನು ಹಾಗೇ ಬಿಟ್ಟರೆ ಹೊಸ ಕ್ಯಾಮ್ ಕೂಡ ಒಣಗಿ ತಿರುಗಿ ಸವೆಯುತ್ತದೆ. ಹೆಡ್‌ನಲ್ಲಿ ಕ್ಯಾಮ್ ಕೂರುವ ಜಾಗವನ್ನೂ ಬೆರಳಾಡಿಸಿ ನೋಡಿ. ಬಹುತೇಕ ಅಲ್ಯೂಮಿನಿಯಂ ಹೆಡ್‌ಗಳಲ್ಲಿ ಪ್ರತ್ಯೇಕ ಬೇರಿಂಗ್ ಇರುವುದಿಲ್ಲ; ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೆಡ್‌ ಕೆಲಸವೇ ಮೊದಲು.

ಚೈನ್, ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಪ್ರಾಕೆಟ್‌ಗಳು, ಗೈಡುಗಳು, ಟೆನ್ಶನರ್, ಮುಂದಿನ ಆಯಿಲ್ ಸೀಲ್ ಇಷ್ಟನ್ನೂ ಸೆಟ್ಟಾಗಿಯೇ ಹಾಕಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತೆಗೆದು, ಕೂಲಂಟ್, ಆಯಿಲ್ ಇಳಿಸಿ, ಒಂದನೇ ಸಿಲಿಂಡರನ್ನು ಕಂಪ್ರೆಶನ್‌ನ ಮೇಲ್ತುದಿಗೆ ತಂದು ಗುರುತುಗಳ ಫೋಟೋ ತೆಗೆದಿಡಿ. ಕ್ರ್ಯಾಂಕ್ ಬೋಲ್ಟ್ ಸಡಿಲಿಸಲು ಪುಲ್ಲಿ ಹಿಡಿಯುವ ಟೂಲ್ ಬೇಕು. ಕ್ಯಾಮ್ ತಿರುಗದಂತೆ ಹಿಡಿಯುವ ಲಾಕ್ ಪಿನ್ನಿನ ಮೇಲೆ ಭಾರ ಬಿಟ್ಟರೆ ಪಿನ್ ಮುರಿಯುತ್ತದೆ, ಇಲ್ಲವೇ ಹೆಡ್ ಸೀಳುತ್ತದೆ. ಕ್ಯಾಮ್ ಕ್ಯಾಪ್‌ಗಳನ್ನು ಎರಡೂ ತುದಿಯಿಂದ ನಡುವಿನತ್ತ, ಒಂದೊಂದು ಬೋಲ್ಟಿಗೆ ಅರ್ಧ ಸುತ್ತಿನಂತೆ ಸಡಿಲಿಸಬೇಕು. ಒಂದೇ ಕಡೆ ಪೂರ್ತಿ ಬಿಚ್ಚಿದರೆ ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ಬಾಗುತ್ತದೆ, ಮುರಿದರೂ ಮುರಿಯಿತು. ಜೋಡಿಸುವಾಗ ನಡುವಿನಿಂದ ಹೊರಕ್ಕೆ. ಕ್ಯಾಪ್‌ಗಳ ಮೇಲಿನ ನಂಬರು, ಬಾಣದ ಗುರುತು ಅದಲುಬದಲಾಗಕೂಡದು. ಚೈನ್ ಇಲ್ಲದಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಮನಸ್ಸಿಗೆ ಬಂದಂತೆ ತಿರುಗಿಸಬೇಡಿ, ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು. ಟಾರ್ಕ್ ಅಂಕಿ ನಿಮ್ಮ ಇಂಜಿನ್ನಿನ ಪುಸ್ತಕದ್ದೇ ಆಗಿರಲಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟುಗಳನ್ನು ಹೊಸದೇ ಹಾಕುವುದು ಒಳ್ಳೆಯದು.

ಹೊಸ ಚೈನ್‌ನ ಬಣ್ಣದ ಕೊಂಡಿಗಳನ್ನು ಸ್ಪ್ರಾಕೆಟ್ ಗುರುತಿಗೆ ಕೂಡಿಸಿ, ಟೆನ್ಶನರ್ ಪಿನ್ ಎಳೆದ ಮೇಲೆ ಸೆಲ್ಫ್ ಮುಟ್ಟಬೇಡಿ. ಪಾನ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಆಗ ಕ್ಯಾಮ್ ಒಂದು ಸುತ್ತು ಬಂದು, ಸ್ಪ್ರಾಕೆಟ್‌ಗಳ ಗುರುತು ಮತ್ತೆ ಕೂಡಬೇಕು. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಬಣ್ಣದ ಕೊಂಡಿಗಳು ಮಾತ್ರ ಎರಡು ಸುತ್ತಿಗೆ ಗುರುತಿಗೆ ಮರಳುವುದಿಲ್ಲ. ಇದು ಗೊತ್ತಿಲ್ಲದೆ ಸರಿಯಾಗಿ ಕೂತದ್ದನ್ನು ಮತ್ತೆ ಬಿಚ್ಚುವವರಿದ್ದಾರೆ. ಕ್ಯಾಮ್ ಸ್ಪ್ರಾಕೆಟ್‌ಗೆ 36 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪು ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿ.

ಕ್ಯಾಮ್ ಬದಲಾದರೆ ವಾಲ್ವ್ ಗ್ಯಾಪ್ ಬದಲಾಗುತ್ತದೆ. ಗ್ಯಾಪನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಅಲ್ಲದಿದ್ದರೆ ಇಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಹಾಕಿ ನೋಡಿಯೇ ಕವರ್ ಮುಚ್ಚಿ. ಮುಂದಿನ ಕವರ್‌ಗೆ ಸಿಲಿಕೋನ್ 3 ಮಿ.ಮೀ. ಗೆರೆಯಷ್ಟು ಸಾಕು. ಹೊಸ ಆಯಿಲ್, ಫಿಲ್ಟರ್ ಹಾಕಿ, ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್, ಇಗ್ನಿಶನ್ ಎರಡನ್ನೂ ಕಳಚಿ, ಆಯಿಲ್ ದೀಪ ಆರುವವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಕಳಚಿದ್ದನ್ನೆಲ್ಲ ಮತ್ತೆ ಜೋಡಿಸಿ ಚಾಲೂ ಮಾಡಿ. ಮೊದಲ ಆಯಿಲನ್ನು 1000 ಕಿ.ಮೀ. ಒಳಗೆ ಬದಲಿಸಿ.

ಪ್ರಶ್ನೆ: ಜಿಪ್ಸಿಗೆ ಟೈಮಿಂಗ್ ಚೈನ್ ಸೆಟ್ ಸಿಗುತ್ತದೆಯೇ? – ಓದುಗರು, ಧಾರವಾಡ

ಉತ್ತರ: 1.3 ಲೀಟರ್ ಜಿಪ್ಸಿಯಲ್ಲಿರುವುದು ಚೈನ್ ಅಲ್ಲ, ಹಲ್ಲಿನ ರಬ್ಬರ್ ಬೆಲ್ಟ್. ಚೈನ್ ಇರುವುದು 1.5 ಲೀಟರ್ ಜಿಮ್ನಿಯಲ್ಲಿ. ಬೆಲ್ಟ್ ಜೊತೆ ಟೆನ್ಶನರ್ ಬದಲಿಸಿ, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್ ಸೋರುತ್ತಿವೆಯೇ ನೋಡಿ. ಆಯಿಲ್ ತಾಗಿದ ಬೆಲ್ಟ್ ಬಾಳುವುದಿಲ್ಲ.

ಪ್ರಶ್ನೆ: ಹಳೇ ಪೆಟ್ರೋಲ್ ಜೀಪು, ಕ್ಯಾಮ್ ಬ್ಲಾಕಿನಲ್ಲಿದೆ. ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ನಡೆಯುತ್ತದೆಯೇ? – ಓದುಗರು, ಬ್ಯಾಡಗಿ

ಉತ್ತರ: ನಡೆಯುವುದಿಲ್ಲ. ಚಪ್ಪಟೆ ಟ್ಯಾಪೆಟ್ ತನ್ನ ಹಳೇ ಉಬ್ಬಿಗೆ ಹೊಂದಿ ಸವೆದಿರುತ್ತದೆ, ಹೊಸದನ್ನು ತಿಂದುಹಾಕುತ್ತದೆ. ಉಬ್ಬುಗಳಿಗೆ ಕ್ಯಾಮ್ ಪೇಸ್ಟ್ ಬಳಿಯಿರಿ. ಮೊದಲ ಉತ್ತರದಂತೆ ಬಹಳ ಹೊತ್ತು ಸೆಲ್ಫ್ ಹೊಡೆದರೆ ಇಲ್ಲಿ ಪೇಸ್ಟ್ ಒರೆಸಿಹೋಗುತ್ತದೆ. ಕಾರ್ಬುರೇಟರ್, ಪಾಯಿಂಟ್ ಮೊದಲೇ ಹೊಂದಿಸಿ ಒಂದೇ ಏಟಿಗೆ ಚಾಲೂ ಆಗುವಂತೆ ಮಾಡಿಕೊಳ್ಳಿ. ಚಾಲೂ ಆದೊಡನೆ 2000ರಿಂದ 2500 ಆರ್‌ಪಿಎಂ ನಡುವೆ 20 ನಿಮಿಷ ಏರಿಳಿಸುತ್ತ ಓಡಿಸಿ, ಐಡಲ್‌ಗೆ ಬಿಡಬೇಡಿ. ಐಡಲ್‌ನಲ್ಲಿ ಕ್ರ್ಯಾಂಕ್ ಎರಚುವ ಆಯಿಲ್ ಉಬ್ಬುಗಳಿಗೆ ಸಾಕಷ್ಟು ತಲುಪುವುದಿಲ್ಲ.