ಸಾಫ್ಟ್‌ವೇರ್ ಎಂಜಿನಿಯರ್ ಆಗಿ ದೇಶ ವಿದೇಶದ ಸಮ್ಮೇಳನಗಳನ್ನು ಸುತ್ತಿದ್ದೀರಿ, ಸನ್ಮಾನವೂ ಆಗಿದೆ. ಇಷ್ಟರಲ್ಲಿ ಮರೆಯಲಾಗದ್ದು ಯಾವುದು?

ಒಂದು ಕೀ. ಬಿಬಿಸಿ ಮೈಕ್ರೋ ಅನ್ನೋ ಹಳೇ ಕಂಪ್ಯೂಟರಿನ ಕೀಬೋರ್ಡಿನಲ್ಲಿ ಮೇಲೆ ಬಲ ಮೂಲೆಗಿದ್ದ ಬ್ರೇಕ್ ಕೀ.

1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 'ಕ್ಲಾಸ್' ಅನ್ನೋ ಯೋಜನೆ ಶುರು ಮಾಡಿತು. ನಮ್ಮ ಹೈಸ್ಕೂಲಿಗೆ ಬಿಬಿಸಿ ಮೈಕ್ರೋಗಳು ಬಂದಿದ್ದು ಆಗಲೇ. ಮೆಮೊರಿ 32 ಕಿಲೋಬೈಟ್, ಈಗ ವಾಟ್ಸಾಪಿನಲ್ಲಿ ಬರುವ ಒಂದು ಫೋಟೋಕ್ಕೂ ಸಾಲದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಕಲಿಸುತ್ತಿದ್ದವರು ಗಣಿತದ ಮೇಷ್ಟ್ರು. ರಾತ್ರಿ ಮ್ಯಾನ್ಯುಯಲ್ ಓದಿಕೊಂಡು ಬೆಳಿಗ್ಗೆ ನಮಗೆ ಹೇಳಿಕೊಡುತ್ತಿದ್ದರು.

ಒಂದು ದಿನ ಎರಡು ಪೀರಿಯಡ್ ಕೂತು, ಮಗ್ಗಿ ಕೇಳಿ ಮಾರ್ಕ್ಸ್ ಕೊಡುವ ಪ್ರೋಗ್ರಾಂ ಟೈಪ್ ಮಾಡಿದೆ. ನಲವತ್ತು ಸಾಲು. ಕ್ಯಾಸೆಟ್ಟಿಗೆ ಸೇವ್ ಮಾಡುವ ಮೊದಲೇ ಕೈ ತಾಗಿ ಬ್ರೇಕ್ ಒತ್ತಿಬಿಟ್ಟೆ. ಬೀಪ್ ಅಂತು, ಪರದೆ ಖಾಲಿ. ಬರೆದ ಸಾಲುಗಳನ್ನು ತೋರಿಸುವ 'ಲಿಸ್ಟ್' ಹೊಡೆದರೆ ಏನೂ ಇಲ್ಲ. ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಬಂದು, "ಏನೂ ಮುಟ್ಟಬೇಡ ಕಣೋ, ಕೈ ತೆಗಿ" ಅಂದರು. ಮ್ಯಾನ್ಯುಯಲ್ ತಿರುವಿ ಹಾಕಿದರು. ಆಮೇಲೆ ಒಂದೇ ಬೆರಳಲ್ಲಿ ಓ, ಎಲ್, ಡಿ, ರಿಟರ್ನ್. ಮತ್ತೆ ಲಿಸ್ಟ್. ನಲವತ್ತೂ ಸಾಲು ಕೆಳಗಿನಿಂದ ಮೇಲಕ್ಕೆ ಸರಸರನೆ ಹತ್ತಿ ಬಂದವು. ನಾನು ಈ ಕೆಲಸಕ್ಕೆ ಬಿದ್ದಿದ್ದು ಆ ನಿಮಿಷದಲ್ಲೇ.

ಸಮ್ಮೇಳನಗಳ ಮಾತಿಗೆ ಬಂದರೆ, 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ನಡೆದ ಭಾರತದ ಮೊದಲ ಪೈಕಾನ್‌ಗೆ, ಅಂದರೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನಕ್ಕೆ, ಹೋಗಿದ್ದೆ. ಹೊರದೇಶದಲ್ಲಿ ಮನಸ್ಸಿಗೆ ಹತ್ತಿರವಾದದ್ದು ಬ್ರಸೆಲ್ಸ್‌ನ ಫೋಸ್ಡೆಮ್, ಮುಕ್ತ ತಂತ್ರಾಂಶ ಬರೆಯುವವರ ಸಮ್ಮೇಳನ. ಟಿಕೆಟ್ ಇಲ್ಲ, ಹೆಸರು ನೋಂದಾಯಿಸುವ ಗೋಜೂ ಇಲ್ಲ. ಕೊರೆಯುವ ಚಳಿಯಲ್ಲಿ ವಿಶ್ವವಿದ್ಯಾಲಯದ ತರಗತಿಗಳಲ್ಲೇ ಸಾವಿರಾರು ಜನ ಸೇರುತ್ತಾರೆ. ರೂಮು ತುಂಬಿದರೆ ಬಾಗಿಲಿಗೆ 'ಫುಲ್' ಅಂತ ಬೋರ್ಡು. ನಾವು ವರ್ಷಗಟ್ಟಲೆ ಬಳಸಿದ ಸಾಫ್ಟ್‌ವೇರ್ ಬರೆದವರೇ ಟೇಬಲ್ ಹಾಕಿಕೊಂಡು ನಿಂತಿರುತ್ತಾರೆ, ನೇರ ಹೋಗಿ ಸಂಶಯ ಕೇಳಬಹುದು. ಕೈಯಲ್ಲಾದರೆ ಒಮ್ಮೆ ಹೋಗಿ ಬನ್ನಿ.

ಇಂಗ್ಲೆಂಡಿಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಬ್ಲೆಚ್ಲಿಯ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್ ನೋಡಿದೆ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸಲು ಬಳಸಿದ ಕೊಲೋಸಸ್ ಯಂತ್ರವನ್ನು ಅಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಆದರೆ ನನ್ನ ಕಾಲು ನಿಂತದ್ದು ಬಿಬಿಸಿ ಮೈಕ್ರೋಗಳನ್ನು ಸಾಲಾಗಿ ಜೋಡಿಸಿಟ್ಟ ತರಗತಿಯಲ್ಲಿ. ಮುಟ್ಟಬಹುದು, ಟೈಪ್ ಮಾಡಬಹುದು. ಕೂತು ಎರಡು ಸಾಲು ಬರೆದು ಬೇಕೆಂದೇ ಬ್ರೇಕ್ ಒತ್ತಿದೆ. 'ಓಲ್ಡ್' ಅಂದೆ, ಬಂತು. ಆ ಯಂತ್ರದ ಪ್ರೋಗ್ರಾಮಿಂಗ್ ಭಾಷೆಯಾದ ಬಿಬಿಸಿ ಬೇಸಿಕ್ ಬರೆದ ಸೋಫಿ ವಿಲ್ಸನ್ ಅವರೇ ಮುಂದೆ ಆರ್ಮ್ ಪ್ರೊಸೆಸರಿನ ಇನ್‌ಸ್ಟ್ರಕ್ಷನ್ ಸೆಟ್, ಅಂದರೆ ಆ ಚಿಪ್ಪಿಗೆ ಅರ್ಥವಾಗುವ ಆಜ್ಞೆಗಳ ಪಟ್ಟಿ, ರೂಪಿಸಿದ್ದು. ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದರೆ ಒಳಗೆ ದುಡಿಯುತ್ತಿರುವುದು ಹೆಚ್ಚುಕಮ್ಮಿ ಆರ್ಮೇ.

ಕಂಪನಿಯಲ್ಲಿ ಕೊಟ್ಟ ಫಲಕಗಳು ಒಂದೆರಡಿವೆ. ಆದರೆ ನನಗೆ ದೊಡ್ಡದು ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಇಟ್ಟುಕೊಂಡ ಸನ್ಮಾನ. ಶಾಲು ಹೊದಿಸಿದ್ದು ಅದೇ ಮೇಷ್ಟ್ರು. ವೇದಿಕೆ ಇಳಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದರು: "ಅವತ್ತು ನಿನ್ನ ಪ್ರೋಗ್ರಾಂ ಎಲ್ಲಿಗೆ ಹೋಗಿತ್ತೋ? ಓಲ್ಡ್ ಅಂತ ಹೊಡೀಬೇಕು ಅನ್ನೋದು ಪುಸ್ತಕದಲ್ಲಿತ್ತು, ಯಾಕೆ ಅನ್ನೋದು ಇರಲಿಲ್ಲ."

ಎಲ್ಲಿಗೂ ಹೋಗಿರಲಿಲ್ಲ ಸಾರ್, ಅಂದೆ. ಬ್ರೇಕ್ ಒತ್ತಿದಾಗ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಒಂದೇ ಒಂದು ಬೈಟ್ ಬದಲಾಗುತ್ತೆ, 'ಇಲ್ಲಿ ಏನೂ ಇಲ್ಲ' ಅನ್ನೋ ಗುರುತು. ಓಲ್ಡ್ ಆ ಬೈಟನ್ನ ಸೊನ್ನೆ ಮಾಡುತ್ತೆ. ಮಿಕ್ಕಿದ್ದೆಲ್ಲ ಇದ್ದಲ್ಲೇ ಇರುತ್ತೆ. ನಾನು ಹೊಸ ಸಾಲು ಟೈಪ್ ಮಾಡಿದ್ದರೆ ಹಳೆಯದರ ಮೇಲೆ ಕೂತುಬಿಡ್ತಿತ್ತು, ನೀವು ಕೈ ತೆಗಿ ಅಂದಿದ್ದಕ್ಕೆ ಉಳೀತು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಆಮಂತ್ರಣ ಪತ್ರಿಕೆಯ ಹಿಂದೆ ಆ ಬೈಟುಗಳ ಸಾಲನ್ನು ನನ್ನ ಕೈಯಲ್ಲೇ ಬರೆಸಿಕೊಂಡರು.